ಹದಿನೇಳನೇ ಸಾಲಿನ ‘ಹೌದು’

ಇದರಲ್ಲಿ ಯಾರ ಹೆಸರೂ ಇಲ್ಲ. ಹೆಸರು ತೆಗೆಯುವುದೇ ನನ್ನ ಉದ್ಯೋಗ, ಎಷ್ಟೋ ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಆದರೆ ಹೆಸರು ತೆಗೆದರೆ ಸಾಲದು ಎಂದು ಈಗ ಗೊತ್ತಾಗಿರುವುದರಿಂದ ಊರನ್ನೂ ಹೇಳುವುದಿಲ್ಲ, ಬೆಳೆಯನ್ನೂ ಬದಲಿಸಿದ್ದೇನೆ. ಹದಿನೇಳು ಎಂದು ಬರೆದದ್ದು ನಿಜಕ್ಕೂ ಹದಿನೇಳಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಆ ಹೆಣ್ಣುಮಗಳು ಯಾರೆಂದು ಯಾರಾದರೂ ಪತ್ತೆ ಹಚ್ಚಿದರೆ ಏನು ಮಾಡಬೇಕೋ ನನಗೆ ತಿಳಿಯದು. ತಿಳಿಯದು ಎಂಬ ಮಾತು ಇದರಲ್ಲಿ ಮತ್ತೆ ಮತ್ತೆ ಬರುತ್ತದೆ, ಓದುವವರು ಸಹಿಸಿಕೊಳ್ಳಬೇಕು.

ನಾನು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಹಳ್ಳಿಗಳಿಗೆ ಹೋಗಿ, ಮನೆಮನೆಯಲ್ಲಿ ಕೂತು, ಎಷ್ಟು ಎಮ್ಮೆ, ಎಷ್ಟು ಎಕರೆ, ಬಾವಿಯಲ್ಲಿ ನೀರು ಎಷ್ಟು ಆಳಕ್ಕಿದೆ, ಯಾರು ಶಾಲೆಗೆ ಹೋಗುತ್ತಾರೆ, ಯಾರು ಬಿಟ್ಟರು ಎಂದು ಕೇಳಿ ಬರೆದುಕೊಳ್ಳುವ ತಂಡಕ್ಕೆ ನಾನು ಹಿರಿಯಳು. ಮೂಲ ವಿಜಯಪುರದ ಕಡೆಯವರು ನಾವು. ತಂದೆ ರೈಲ್ವೆಯಲ್ಲಿದ್ದರು, ಹೀಗಾಗಿ ಪುಣೆ ಹತ್ತಿರದ ದೌಂಡದ ಕ್ವಾರ್ಟರ್ಸಿನಲ್ಲಿ ಬೆಳೆದೆ. ಸೋಲಾಪುರದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಹಳಿಯಾಚೆಯ ಕಬ್ಬಿನ ಹೊಲಗಳಿಗೆ ನೀರು ಯಾವಾಗ ಬರುತ್ತದೆ, ಯಾರಿಗೆ ಮೊದಲು ಬರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತಲೂ ಅನ್ನಿಸಿರಲಿಲ್ಲ.

ನನಗೆ ಅಚ್ಚುಕಟ್ಟಿನ ಹುಚ್ಚು. ನಿಗಡಿಯ ನಮ್ಮ ಮನೆಯಲ್ಲಿ ಬೇಳೆ ಡಬ್ಬಿಗಳ ಮೇಲೂ ಚೀಟಿ ಅಂಟಿಸಿದ್ದೇನೆ. ತೊಗರಿಬೇಳೆ ಡಬ್ಬಿಗೆ ಗಂಡ ಕಡಲೆಬೇಳೆ ಸುರಿದ ದಿನ ನಮ್ಮಿಬ್ಬರಿಗೆ ಮಾತಿರಲಿಲ್ಲ. ಕಚೇರಿಯಲ್ಲಿ ಕಿರಿಯರು ಒಂದು ಖಾನೆ ಖಾಲಿ ಬಿಟ್ಟು ಬಂದರೆ ಅವರನ್ನು ಅದೇ ಹಳ್ಳಿಗೆ ವಾಪಸು ಅಟ್ಟಿದ್ದೂ ಉಂಟು. ನನ್ನ ಬೆನ್ನ ಹಿಂದೆ ಏನು ಅನ್ನುತ್ತಿದ್ದರೋ ಗೊತ್ತಿಲ್ಲ, ಮುಂದೆ ಮಾತ್ರ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ತಪ್ಪು ಮಾಡಿದವಳು ನಾನೇ. ಅದೂ ಅಚ್ಚುಕಟ್ಟಾಗಿ ಮಾಡಿದೆ.

ದೌಂಡದಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯಲ್ಲಿ ನೀರಿನ ಹಂಚಿಕೆಯ ಬಗ್ಗೆ ಅಧ್ಯಯನ ನಡೆಯಬೇಕಿತ್ತು. ದೊಡ್ಡ ಕಾಲುವೆಯಿಂದ ಒಡೆದು ಹೊಲಗಳಿಗೆ ಹೋಗುವ ಸಣ್ಣ ಕಾಲುವೆಗೆ ಆ ಕಡೆ ‘ಚಾರಿ’ ಅನ್ನುತ್ತಾರೆ. ಒಂದು ಚಾರಿಯ ಮೇಲಿನ ನಲವತ್ತಾರು ಮನೆಗಳು ನಮ್ಮ ಪಾಲಿಗೆ ಬಂದಿದ್ದವು. ಬಿಸಿಲಿನಲ್ಲಿ ಅತ್ತಿಂದಿತ್ತ ಅಲೆಯುವುದು ಬೇಡವೆಂದು, ಚಾರಿ ಹುಟ್ಟುವ ಕಡೆಯಿಂದ ಶುರುಮಾಡಿ, ಅದರ ಏರಿ ಹಿಡಿದೇ ಕೊನೆಯವರೆಗೆ ನಡೆಯೋಣ ಎಂದು ನಾನು ತೀರ್ಮಾನಿಸಿದೆ. ಮೊದಲು ಸಿಕ್ಕ ಹೊಲದ ಮನೆಗೆ ಒಂದು, ಆಮೇಲಿನದಕ್ಕೆ ಎರಡು, ಹೀಗೆ ನಲವತ್ತಾರರ ತನಕ. ಯಾವ ಮನೆಯೂ ಬಿಟ್ಟುಹೋಗಲಿಲ್ಲ, ಯಾವುದೂ ಎರಡು ಸಲ ಬರಲಿಲ್ಲ. ಕೊನೆಯ ದಿನ ಸಂಜೆ ಶಟಲ್ ರೈಲಿನಲ್ಲಿ ಪುಣೆಗೆ ಮರಳುವಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೆಸರು, ಫೋನ್ ನಂಬರು, ಹೊಲದ ಸರ್ವೆ ನಂಬರು, ಟ್ಯಾಬು ತಾನಾಗಿ ಹಿಡಿದುಕೊಳ್ಳುವ ಜಾಗದ ಗುರುತು, ಇವೆಲ್ಲ ಬೇರೆ ಕಡತಕ್ಕೆ ಹೋಗುತ್ತವೆ. ಯಾವ ನಂಬರು ಯಾರ ಮನೆ ಎಂದು ಹೇಳುವ ಪಟ್ಟಿ ಅದೊಂದೇ. ಅದಕ್ಕೆ ಪಾಸ್‌ವರ್ಡು. ಅದರ ಒಂದು ಮುದ್ರಿತ ಪ್ರತಿ ಕಪಾಟಿನಲ್ಲಿ, ಕಪಾಟಿನ ಕೀಲಿ ನನ್ನ ಪರ್ಸಿನಲ್ಲಿ. ಸಂಶೋಧಕರ ಕೈಗೆ ಹೋಗುವ ಕಡತದಲ್ಲಿ ಬರೀ ಒಂದರಿಂದ ನಲವತ್ತಾರು. ಅದನ್ನು ನೋಡಿ ಯಾರು ಯಾರೆಂದು ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ ಅಂದುಕೊಂಡಿದ್ದೆ.

ಹದಿನೇಳನೆಯ ಮನೆ ಹೊಲದಲ್ಲೇ ಕಟ್ಟಿಕೊಂಡ ತಗಡಿನ ಮನೆ. ಗಂಡ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸಲು ಹೋಗಿದ್ದ. ಹೊಲ ನೋಡಿಕೊಳ್ಳುವುದೆಲ್ಲ ಅವಳೇ, ಮೂವತ್ತು ದಾಟಿರಬೇಕು. ನಾನು ಮರಾಠಿಯಲ್ಲಿ ಶುರು ಮಾಡಿದೆ, ಅವಳು ಮರಾಠಿಯಲ್ಲಿ ಚುಟುಕಾಗಿ ಉತ್ತರಿಸಿದಳು. ಅಷ್ಟರಲ್ಲಿ ಒಂದು ಆಡು ಬಂದು ನನ್ನ ಚೀಲಕ್ಕೆ ಬಾಯಿ ಹಾಕಿತು. ಅವಳು ಅದನ್ನು ಅಟ್ಟಿದ್ದು ಕನ್ನಡದಲ್ಲಿ. ನಾನು ನಕ್ಕುಬಿಟ್ಟೆ. ಯಾವ ಊರವರು ಎಂದು ಕನ್ನಡದಲ್ಲೇ ಕೇಳಿದೆ. ಅಕ್ಕಲಕೋಟೆ ಕಡೆಯ ಹುಡುಗಿ, ಈ ಊರಿಗೆ ಕೊಟ್ಟು ಹನ್ನೆರಡು ವರ್ಷ, ತವರಿಗೆ ಹೋದಾಗ ಬಿಟ್ಟರೆ ಆಡಿನ ಜೊತೆ ಮಾತ್ರ ಕನ್ನಡ ಆಡುವುದಂತೆ. ಆಮೇಲೆ ಚಹಾ ಬಂತು, ಚಾಪೆ ಬಂತು, ಅರ್ಧ ತಾಸಿನ ಕೆಲಸಕ್ಕೆ ಎರಡು ತಾಸು ಹಿಡಿಯಿತು.

ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ನಿಮ್ಮ ಪಾಳಿ ಇಲ್ಲದ ದಿನ ಚಾರಿಯಿಂದ ನೀರು ತಿರುಗಿಸಿಕೊಂಡಿದ್ದೀರಾ? ಹಿಂದಿನ ಹದಿನಾರು ಮನೆಯವರೂ ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಅಂದಿದ್ದರು. ಅವಳು ಮಾತ್ರ ಚಹಾದ ಲೋಟ ಕೆಳಗಿಟ್ಟಳು. ಹೇಳಿದ್ದು ಯಾರಿಗಾದರೂ ಗೊತ್ತಾಗುತ್ತದೆಯೇ ಎಂದು ಕೇಳಿದಳು.

“ಹೆಸರು ಎಲ್ಲೂ ಬರಂಗಿಲ್ರಿ,” ಅಂದೆ. “ನನ್ನ ಮಾತು ನಂಬ್ರಿ.”

“ಖರೇನ?”

“ಖರೇ.”

“ತಗೊಂಡೀನ್ರಿ, ಎರಡು ಸಲ. ಉಳ್ಳಾಗಡ್ಡಿ ಸಸಿ ಒಣಗಾಕತ್ತಿದ್ವು. ಪಾಳಿ ಬರೂತನಕ ಅವು ತಡೀತಾವೇನ್ರಿ? ಎಲ್ಲಾರೂ ತಗೋತಾರ, ನಾನೂ ತಗೊಂಡೆ.”

ನಾನು ‘ಹೌದು’ ಎಂದು ಒತ್ತಿದೆ. ನನಗೆ ಆಗ ಬಹಳ ಸಂತೋಷವಾಯಿತು. ಇದು ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ದಿನವಿಡೀ ಸುಳ್ಳು ಬರೆದುಕೊಳ್ಳುವವರಿಗೆ ಒಂದು ನಿಜ ಸಿಕ್ಕರೆ ಹಬ್ಬ. ಮುಂದಿನ ಇಪ್ಪತ್ತೊಂಬತ್ತು ಮನೆಯವರೂ ಇಲ್ಲ ಎಂದೇ ಹೇಳಿದರು. ಅವರಲ್ಲಿ ಒಬ್ಬನ ಹೊಲದಲ್ಲಿ ನಾವು ಕೂತಿದ್ದಾಗಲೇ ನೀರು ಹರಿಯುತ್ತಿತ್ತು, ಅವತ್ತು ಅವನ ಪಾಳಿಯಾಗಿರಲಿಲ್ಲ.

ಅಧ್ಯಯನಕ್ಕೆ ನೆರವು ಕೊಟ್ಟವರದು ಒಂದು ಕಟ್ಟಳೆ. ಕೂಡಿಸಿದ ಮಾಹಿತಿಯನ್ನು ಬೀರುವಿನಲ್ಲಿ ಇಟ್ಟುಕೊಂಡು ಕೂರುವಂತಿಲ್ಲ, ಯಾರು ಬೇಕಾದರೂ ಬಳಸುವಂತೆ ಜಾಲತಾಣದಲ್ಲಿ ತೆರೆದಿಡಬೇಕು. ಒಳ್ಳೆಯ ಕಟ್ಟಳೆಯೇ. ಒಂದೇ ಹಳ್ಳಿಗೆ ನಾಲ್ಕು ಸಂಸ್ಥೆಯವರು ಹೋಗಿ ಅದೇ ಎಮ್ಮೆಗಳನ್ನು ನಾಲ್ಕು ಸಲ ಎಣಿಸುವುದು ತಪ್ಪುತ್ತದೆ. ಈ ಕೆಲಸಕ್ಕೆಂದೇ ನಮ್ಮಲ್ಲಿ ಒಬ್ಬ ಯುವಕ ಸೇರಿದ್ದರು. ಮಂಡ್ಯದ ಕಡೆಯವರು, ಮೊದಲು ಹಿಂಜವಡಿಯ ಒಂದು ಕಂಪನಿಯಲ್ಲಿದ್ದವರು. ಎಲ್ಲರೂ ಅವರನ್ನು ಡೇಟಾದವರು ಎಂದೇ ಕರೆಯುತ್ತಿದ್ದರು. ನನ್ನ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರ ಕನ್ನಡ ನನಗೆ ಅರ್ಧ. ಉಳಿದರ್ಧ ಇಂಗ್ಲಿಷಿನಲ್ಲಿ ಸಾಗುತ್ತಿತ್ತು.

ಕಡತ ಏರಿಸುವ ಮೊದಲು ಅವರು ನನ್ನ ಮೇಜಿನ ಹತ್ತಿರ ಬಂದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. “ಮೇಡಂ, ಮನೆಗಳ ಕೋಡ್ ಎಲ್ಲಾ ರ್ಯಾಂಡಮ್ ಆಗೇ ಇದೆ ತಾನೇ?”

ಇವರು ಯಾರು ನನ್ನನ್ನು ಕೇಳಲು ಎಂದು ನನಗೆ ಸಿಟ್ಟು ಬಂತು. “ನಂಬರು ನಾನೇ ಕೊಟ್ಟೀನ್ರಿ,” ಅಂದೆ. “ಅದರಾಗ ಯಾರ ಗುರುತೂ ಇಲ್ಲ.” ಅವರು ಸರಿ ಎಂದು ಹೋದರು.

ಇನ್ನೊಂದು ಪದ್ಧತಿಯನ್ನು ನಾನೇ ಹಟ ಹಿಡಿದು ಜಾರಿಗೆ ತಂದಿದ್ದೆ. ಊರಿನಿಂದ ತಂದದ್ದನ್ನು ಊರಿಗೆ ತೋರಿಸಬೇಕು. ಬಂದು, ಕೇಳಿ, ಬರೆದುಕೊಂಡು, ಪುಣೆಗೆ ಹೋಗಿ ಮಾಯವಾಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೀಗಾಗಿ ಪ್ರತಿ ಅಧ್ಯಯನ ಮುಗಿದ ಮೇಲೆ ಊರಿನವರನ್ನು ಸೇರಿಸಿ, ಮಾಹಿತಿಯನ್ನು ದೊಡ್ಡ ಹಾಳೆಗಳ ಮೇಲೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತಿದ್ದೆವು. ಸಾರಾಂಶ ಮಾತ್ರ ಸಾಕು ಎಂದು ನಮ್ಮ ಮುಖ್ಯಸ್ಥೆ ಹೇಳಿದ್ದರು. ಬರೀ ಸಾರಾಂಶ ತೋರಿಸಿದರೆ ಜನ ಹೇಗೆ ನಂಬಬೇಕು, ಎಲ್ಲ ಸಾಲುಗಳನ್ನೂ ತೋರಿಸೋಣ, ಹೇಗೂ ಹೆಸರಿಲ್ಲವಲ್ಲ ಎಂದು ವಾದಿಸಿ ಗೆದ್ದವಳು ನಾನು.

ಮಾರುತಿ ಗುಡಿಯ ಮುಂದಿನ ಮಂಟಪದಲ್ಲಿ ಸಭೆ. ಗಂಡಸರು ಮುಂದೆ, ಹೆಂಗಸರು ಕಂಬದ ಆಚೆ. ಹದಿನೇಳನೆಯವಳೂ ಬಂದಿದ್ದಳು, ದೂರದಿಂದಲೇ ನಕ್ಕಳು. ನಾನು ಮರಾಠಿಯಲ್ಲಿ ಸರಾಸರಿಗಳನ್ನು ವಿವರಿಸಲು ಶುರು ಮಾಡಿದೆ. ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಎದ್ದು ಹಾಳೆಗಳ ಹತ್ತಿರ ಹೋಗಿ, ಮೇಲಿಂದ ಕೆಳಗೆ ಬೆರಳಾಡಿಸಿ, ಒಂದೊಂದು ಕಡೆ ನಿಲ್ಲಿಸಿ ಅಡ್ಡಡ್ಡ ಓದತೊಡಗಿದರು. ನನಗೆ ಮೊದಲು ಹೆಮ್ಮೆಯೇ ಆಯಿತು, ಮಾಹಿತಿ ಎಂದರೆ ಜನರಿಗೆ ಎಷ್ಟು ಆಸಕ್ತಿ ನೋಡು ಎಂದು.

ಒಬ್ಬ ಮುದುಕರು ಬೆರಳು ತೆಗೆಯದೆ ನನ್ನನ್ನು ಕರೆದರು. ತಮ್ಮ ಸಾಲಿನಲ್ಲಿ ಮೂರು ಎತ್ತು ಎಂದು ಬರೆದಿದ್ದೀರಿ, ನಮ್ಮಲ್ಲಿರುವುದು ಎರಡು, ತಿದ್ದಿ ಅಂದರು. ಇದು ನಿಮ್ಮ ಸಾಲೇ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಇಪ್ಪತ್ತಮೂರು ಅಲ್ಲವೇ, ನನ್ನ ಪಾಳಿ ಇಪ್ಪತ್ತಮೂರನೆಯದು, ನನ್ನಪ್ಪನ ಕಾಲದಿಂದಲೂ ಅದೇ ಅಂದರು.

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೂ ಪೂರ್ತಿ ಅರ್ಥವಾಗದೆ, ಅರ್ಧರ್ಧ ಆಗುತ್ತ ಹೋಯಿತು. ಚಾರಿಯಲ್ಲಿ ನೀರು ಮೇಲಿನಿಂದ ಕೆಳಗೆ ಹರಿಯುತ್ತದೆ. ಪಾಳಿಯೂ ಮೇಲಿನಿಂದ ಕೆಳಗೆ ಬರುತ್ತದೆ. ಮೊದಲ ಹೊಲದವರದು ಮೊದಲನೇ ಪಾಳಿ, ಎರಡನೆಯವರದು ಎರಡನೇ ಪಾಳಿ. ನಾನೂ ಮೇಲಿನಿಂದ ಕೆಳಗೆ ನಡೆದಿದ್ದೆ. ನಾನು ಗುಟ್ಟಿನ ಸಂಖ್ಯೆ ಎಂದು ಕೊಟ್ಟದ್ದು ಅವರವರ ಪಾಳಿಯ ಸಂಖ್ಯೆಯೇ ಆಗಿತ್ತು. ಆ ಊರಿನಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ಪಾಳಿಯ ಸಂಖ್ಯೆಯನ್ನು ಮಾತ್ರ ಶಾಲೆಯ ಮಕ್ಕಳೂ ಹೇಳುತ್ತಾರೆ. ಹೆಸರುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಅದಕ್ಕಿಂತ ಗಟ್ಟಿಯಾದ ಹೆಸರನ್ನು ನಾನು ಗುಡಿಯ ಗೋಡೆಗೆ ಅಂಟಿಸಿದ್ದೆ.

ಆ ಹೊತ್ತಿಗೆ ಗಂಡಸರು ನೀರಿನ ಖಾನೆಗೆ ಬಂದಿದ್ದರು. ಮೇಲಿನಿಂದ ಕೆಳಗೆ ಇಲ್ಲ, ಇಲ್ಲ, ಇಲ್ಲ. ನಡುವೆ ಒಂದು ಹೌದು. ಯಾರೋ ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಗಾದೆಯಿದೆ. ಅಲ್ಲಿ ಯಾರೂ ತಮ್ಮ ಹೆಗಲು ಮುಟ್ಟಿಕೊಳ್ಳಲಿಲ್ಲ. ಎಲ್ಲರೂ ಕಂಬದ ಆಚೆ ತಿರುಗಿ ಅವಳ ಹೆಗಲು ನೋಡಿದರು. ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಮಗುವಿನಂತೆ, ಎಲ್ಲಿ ತಪ್ಪಿತು ಎಂದು ಕೇಳುವ ಹಾಗಿತ್ತು. ನನಗೂ ಅದೇ ಪ್ರಶ್ನೆ ಇತ್ತು.

ನಾನು ಮಾಡಿದ ಎರಡನೇ ತಪ್ಪು, ಓಡಿಹೋಗಿ ಆ ಹಾಳೆಯನ್ನು ಕಿತ್ತದ್ದು. ಅಲ್ಲಿಯವರೆಗೆ ಇದು ನಿಜವೋ ಅಚ್ಚಿನ ತಪ್ಪೋ ಎಂಬ ಅನುಮಾನವಾದರೂ ಕೆಲವರಿಗಿತ್ತು. ಕಿತ್ತ ಮೇಲೆ ಉಳಿಯಲಿಲ್ಲ. ನೀರು ಬಳಕೆದಾರರ ಸಂಘದ ಚೇರ್ಮನ್ನರು ಎದ್ದು ನಿಂತು ನನ್ನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಊರಿಗೆ ಬಂದು ಮನೆಮನೆಯ ಜಗಳ ಹೊತ್ತಿಸಲು ನಿಮಗೆ ಯಾರು ಹೇಳಿದರು, ನಿಮ್ಮ ಸಂಸ್ಥೆಗೆ ಪತ್ರ ಬರೆಯುತ್ತೇನೆ ಎಂದರು. ಅವರ ಹೊಲಕ್ಕೆ ಪಾಳಿ ಇಲ್ಲದ ದಿನ ನೀರು ಹರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹೇಳಬೇಕೆನಿಸಿತು. ಕಂಡದ್ದನ್ನು ಹೇಳಬಾರದೆಂಬುದೂ ಪ್ರಶ್ನೆಗೆ ಮೊದಲು ಪ್ರತಿ ಮನೆಯಲ್ಲೂ ನಾನೇ ಓದಿ ಹೇಳಿದ ಒಪ್ಪಿಗೆ ಪತ್ರದಲ್ಲಿತ್ತು. ಬಾಯಿ ಮುಚ್ಚಿಕೊಂಡು ಹಾಳೆ ಸುತ್ತಿಕೊಂಡೆ. ತಿರುಗಿ ನೋಡುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಮರುದಿನ ಡೇಟಾದವರನ್ನು ಸ್ವಾರಗೇಟದ ಹತ್ತಿರ ನಾವು ದಿನಾ ಊಟಕ್ಕೆ ಹೋಗುವ ಕುಂದಾಪುರದವರ ಹೋಟೆಲಿಗೆ ಕರೆದುಕೊಂಡು ಹೋದೆ. ಕಚೇರಿಯಲ್ಲಿ ಹೇಳಲು ನಾಚಿಕೆ. ಅವರು ಇಡ್ಲಿ ಮುಂದಿಟ್ಟುಕೊಂಡು ಪೂರ್ತಿ ಕೇಳಿದರು. ನಾನು ನಿಮ್ಮನ್ನು ಮೊದಲೇ ಕೇಳಿದ್ದೆ ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು, ಜಗಳವಾದರೂ ಆಡಬಹುದಿತ್ತು. ಜಾಲತಾಣದಿಂದ ಈಗಲೇ ತೆಗೆದುಬಿಡಿ ಎಂದೆ.

“ಪಬ್ಲಿಷ್ ಆದ್ಮೇಲೆ ಪೂರ್ತಿ ಡಿಲೀಟ್ ಮಾಡಕ್ಕಾಗಲ್ಲ ಮೇಡಂ,” ಅಂದರು. “ಕೋಡ್ ಚೇಂಜ್ ಮಾಡಿ ಹೊಸ ವರ್ಷನ್ ಹಾಕಬಹುದು. ಹಳೇದನ್ನ ಮರೆ ಮಾಡಬಹುದು. ಆದ್ರೆ ಆಗ್ಲೇ ಡೌನ್‌ಲೋಡ್ ಮಾಡ್ಕೊಂಡಿರೋರ ಹತ್ರ ಹಳೇದೇ ಇರುತ್ತೆ.”

ಯಾರು ಇಳಿಸಿಕೊಂಡಿದ್ದಾರೆ ಎಂದು ಕೇಳಿದೆ. ಕೆಲವರು, ಯಾರೆಂದು ತಿಳಿಯುವುದಿಲ್ಲ ಎಂದರು. ಜಗತ್ತಿನ ಯಾವುದೋ ಮೂಲೆಯಲ್ಲಿ, ಉಳ್ಳಾಗಡ್ಡಿ ಸಸಿಯನ್ನೇ ಕಾಣದ ಯಾರದೋ ಕಂಪ್ಯೂಟರಿನಲ್ಲಿ ಅವಳ ಹೌದು ಕೂತಿದೆ. ಅದರಿಂದ ಅವಳಿಗೆ ಏನೂ ಆಗುವುದಿಲ್ಲ. ಆಗುವುದೆಲ್ಲ ಗುಡಿಯ ಗೋಡೆಯಿಂದ ಆಗಿಹೋಗಿತ್ತು. ಆದರೂ ನನಗೆ ಆ ಕಂಪ್ಯೂಟರಿನ ಮೇಲೆಯೇ ಸಿಟ್ಟು ಬರುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಗಡಿಬಿಡಿ ನನ್ನದು.

ಮುಖ್ಯಸ್ಥೆ ನನ್ನಿಂದ ಲಿಖಿತ ವಿವರಣೆ ಕೇಳಿದರು. ಕೇಳಬೇಕಾದದ್ದೇ. ನಾನು ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ತಪ್ಪು ನನ್ನದು ಎಂದಿತ್ತು, ಎರಡನೆಯದರಲ್ಲಿ ತಪ್ಪು ಪದ್ಧತಿಯದು ಎಂದಿತ್ತು, ಮೂರನೆಯದು ಏನೆಂದು ಬರೆದ ನನಗೇ ತಿಳಿಯಲಿಲ್ಲ. ಹದಿನೇಳನೇ ಸಾಲನ್ನೇ ಅಳಿಸಿಬಿಡೋಣ ಎಂದು ಸಲಹೆ ಕೊಟ್ಟೆ. ಆಗ ನಮ್ಮ ವರದಿ ಸುಳ್ಳಾಗುತ್ತದೆ, ಆ ಚಾರಿಯಲ್ಲಿ ನೀರು ಕದಿಯುವವರು ಯಾರೂ ಇಲ್ಲ ಎಂದಾಗುತ್ತದೆ ಎಂದರು ಅವರು. ಹಾಗಾದರೆ ಉಳಿದ ನಲವತ್ತೈದು ‘ಇಲ್ಲ’ಗಳು ನಿಜವೇ ಎಂದು ಕೇಳಿದೆ. ಅದು ಊರವರು ಕೊಟ್ಟ ಉತ್ತರ, ಅವರು ಹೇಳಿದ್ದನ್ನು ಬರೆಯುವವರು ನಾವು ಎಂದರು. ಹೇಳಿದ್ದು, ಇರುವುದು, ಬರೆದದ್ದು, ಈ ಮೂರರಲ್ಲಿ ಮಾಹಿತಿ ಎಂದರೆ ಯಾವುದು ಎಂದು ಇಷ್ಟು ವರ್ಷವಾದ ಮೇಲೆ ನನಗೆ ಮೊದಲ ಸಲ ಗೊಂದಲವಾಯಿತು. ಹೊಸಬರಿಗೆ ತರಬೇತಿ ಕೊಡುವಾಗ ಇದನ್ನೇ ನಾನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ.

ಒಂದು ವಾರದ ಮೇಲೆ ಅವಳೇ ಫೋನು ಮಾಡಿದಳು. ಒಪ್ಪಿಗೆ ಪತ್ರದ ಕೆಳಗೆ ನನ್ನ ನಂಬರು ಇರುತ್ತದೆ, ತಕರಾರು ಇದ್ದರೆ ಕರೆ ಮಾಡಿ ಎಂದು. ಅವಳು ತಕರಾರು ಮಾಡಲಿಲ್ಲ, ಸುದ್ದಿ ತಿಳಿಸಿದಳು. “ನನ್ನ ಪಾಳಿ ಕಡೀಕ ಹಾಕ್ಯಾರ್ರಿ, ಎಲ್ಲಾರದೂ ಮುಗದ ಮ್ಯಾಲೆ.” ಆ ಹಂಗಾಮು ಪೂರ್ತಿ ಹಾಗೆಯೇ ಎಂದು ಸಂಘದವರು ಠರಾವು ಮಾಡಿದ್ದರು. ಚಾರಿಯ ಕೊನೆಯವರಿಗೆ ನೀರು ತಲುಪುವುದೇ ಅಪರೂಪ ಎಂಬುದು ನಮ್ಮ ವರದಿಯ ಮುಖ್ಯ ಸಂಶೋಧನೆಯಾಗಿತ್ತು. ನಮ್ಮ ಕಡತದಲ್ಲಿ ಹದಿನೇಳಾಗಿದ್ದವಳು ಹೊಲದಲ್ಲಿ ನಲವತ್ತಾರನೆಯವರ ಹಿಂದೆ ನಿಂತಿದ್ದಳು.

ರಜೆ ಹಾಕಿ ಶಟಲ್ ಹಿಡಿದು ಹೋದೆ. ಮೊದಲು ಚೇರ್ಮನ್ನರನ್ನು ಕಂಡೆ. ಮನೆಯಲ್ಲಿ ಅವರು ಬೇರೆಯೇ ಮನುಷ್ಯರು, ಕೂರಿಸಿ ನೀರು ಕೊಟ್ಟರು. ಬಾಯಿಸಾಹೇಬರೇ, ನೀರು ಎಲ್ಲರೂ ತೆಗೆದುಕೊಳ್ಳುತ್ತಾರೆ, ನಾನೂ ತೆಗೆದುಕೊಳ್ಳುತ್ತೇನೆ, ಆದರೆ ಕಾಗದದ ಮೇಲೆ ಬಂದದ್ದು ಅವಳದು ಮಾತ್ರ, ಕಾಗದದ ಮೇಲೆ ಬಂದ ಮೇಲೆ ಸಂಘ ಸುಮ್ಮನಿದ್ದರೆ ನಾಳೆ ಎಲ್ಲರೂ ಅದನ್ನೇ ತೋರಿಸುತ್ತಾರೆ ಎಂದರು. ಅವರ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿದೆ, ಸಿಗಲಿಲ್ಲ. ಸರಿಯಿದೆ ಎನ್ನಲೂ ಆಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂದು ನನ್ನ ಅಜ್ಜಿ ಅನ್ನುತ್ತಿದ್ದಳು. ಇಲ್ಲಿ ಒದ್ದವರೂ ಮರ್ಯಾದಸ್ಥರಾಗಿದ್ದರು.

ಅವಳ ಸಸಿ ಮಡಿ ಒಣಗಿ ಬಿರುಕು ಬಿಟ್ಟಿತ್ತು. ಅದರ ಪಕ್ಕದಲ್ಲೇ ಚಾರಿ ತುಂಬಿ ಹರಿಯುತ್ತಿತ್ತು, ಬೇರೆಯವರ ಪಾಳಿ. ನಾನು ತಪ್ಪಾಯಿತು ಎಂದೆ. ಅವಳು ಚಾಪೆ ಹಾಸಿದಳು. ನಾನು ಚೀಲದಿಂದ ಒಂದು ಕಾಗದ ತೆಗೆದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಅರ್ಜಿ ಅದು. ಅವಳು ಸಹಿ ಮಾಡಿದರೆ ನಿಯಮದ ಪ್ರಕಾರ ಅವಳ ಸಾಲನ್ನು ತೆಗೆಯಲೇಬೇಕು, ಮುಖ್ಯಸ್ಥೆಯೂ ಬೇಡವೆನ್ನುವಂತಿಲ್ಲ. ರಾತ್ರಿಯೆಲ್ಲ ಯೋಚಿಸಿ ಕಂಡುಕೊಂಡ ದಾರಿ.

“ಇದಕ್ಕ ಸಹಿ ಮಾಡಿದ್ರ ಪಾಳಿ ತಿರುಗಿ ಬರ್ತದೇನ್ರಿ?” ಎಂದು ಕೇಳಿದಳು.

ಬರುವುದಿಲ್ಲ ಎಂದೆ.

“ಮತ್ತ್ಯಾಕ ಬೇಕ್ರಿ ಅದು?”

ನನಗೆ ಬೇಕಿತ್ತು, ಅವಳಿಗಲ್ಲ. ಕಾಗದ ಕೈಯಲ್ಲಿ ಹಿಡಿದುಕೊಂಡು, ಕಚೇರಿಯಲ್ಲಿ ವಿವರಣೆ ಕೇಳಿದ್ದಾರೆ, ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ ಎಂದು ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ನನ್ನ ವಯಸ್ಸಿಗೆ, ನನ್ನ ಜಂಬಕ್ಕೆ, ಅದೂ ಅವಳ ಒಣಗಿದ ಮಡಿಯ ಮುಂದೆ ಕೂತು ಅಳುವುದು ಎಂದರೇನು? ಅವಳು ನೀರು ತಂದು ಕೊಟ್ಟಳು. ಕೆಲಸದಿಂದ ತೆಗೆಯುತ್ತಾರೆಯೇ ಎಂದು ಕೇಳಿದಳು, ಗೊತ್ತಿಲ್ಲ ಎಂದೆ. ಮನೆಯಲ್ಲಿ ಯಾರ್ಯಾರಿದ್ದಾರೆ, ಗಂಡನಿಗೆ ಕೆಲಸ ಇದೆಯೇ ಎಂದು ಕೇಳಿದಳು. ಸಮಾಧಾನ ಮಾಡಲು ಹೋದವಳು ಸಮಾಧಾನ ಮಾಡಿಸಿಕೊಂಡು, ಅವಳು ಕಟ್ಟಿಕೊಟ್ಟ ಎರಡು ರೊಟ್ಟಿ ಶೇಂಗಾ ಚಟ್ನಿ ಹಿಡಿದುಕೊಂಡು ಸ್ವಾರಗೇಟದ ಬಸ್ಸು ಹತ್ತಿದೆ. ಅಲ್ಲಿಂದ ಮೆಟ್ರೊದಲ್ಲಿ ಕೂತಾಗ, ಇವತ್ತು ಯಾರು ಯಾರನ್ನು ವಿಚಾರಿಸಿದ ಹಾಗಾಯಿತು ಎಂದು ತಿಳಿಯದೆ ನನ್ನ ನಿಲ್ದಾಣ ಬಂದರೂ ಎದ್ದಿರಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪದ್ಧತಿಗಳು ಬದಲಾದವು. ಈಗ ಮನೆಗಳ ಸಂಖ್ಯೆಯನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಕೊಡುತ್ತದೆ, ನಡುವೆ ಅಕ್ಷರಗಳೂ ಸೇರಿರುತ್ತವೆ, ನನಗೇ ನೆನಪಿರುವುದಿಲ್ಲ. ಊರಿನ ಗೋಡೆಗೆ ಸಾಲುಗಳನ್ನು ಅಂಟಿಸುವುದಿಲ್ಲ, ಸಾರಾಂಶ ಮಾತ್ರ. ಕಡತ ತೆರೆದಿಡುವ ಮೊದಲು ಡೇಟಾದವರು ಒಂದೊಂದು ಖಾನೆಯ ಬಗ್ಗೆಯೂ ನನ್ನನ್ನು ಪ್ರಶ್ನೆ ಕೇಳುತ್ತಾರೆ, ನಾನು ಸಿಟ್ಟಾಗುವುದಿಲ್ಲ. ಹದಿನೇಳನೆಯವಳ ಪಾಳಿ ಮರುವರ್ಷ ಮೊದಲಿನ ಜಾಗಕ್ಕೇ ಬಂತು ಎಂದು ತಿಳಿಯಿತು.

ಅದೇ ಚಾರಿಯ ಎರಡನೇ ಸುತ್ತಿನ ಅಧ್ಯಯನ ಬಂದಾಗ ಬೇರೆಯವರನ್ನು ಕಳಿಸೋಣ ಎಂದರು. ಬೇಡ, ಅವಳ ಮನೆಗೆ ನಾನೇ ಹೋಗುತ್ತೇನೆ ಎಂದೆ. ಈ ಸಲ ನಿಜವಾಗಿ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವಳಿಗೆ ನಾನೇ ಹೇಳಬೇಕಿತ್ತು.

ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಸಂಘದ ಹಲಗೆಯ ಮೇಲೆ ಅವತ್ತಿನ ಪಾಳಿ ಮೂವತ್ತೊಂದನೆಯವರದು ಎಂದು ಬರೆದಿತ್ತು. ಅವಳು ಸಸಿ ಮಡಿಯಿಂದ ಎದ್ದು ಬಂದಳು. ಕಾಲು ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಹಸಿ ಮಣ್ಣು ಮೆತ್ತಿದ ಸಲಿಕೆ. ಮಡಿಯಲ್ಲಿ ನೀರು ನಿಂತು ಹೊಳೆಯುತ್ತಿತ್ತು. ನನ್ನನ್ನು ಕಂಡು ಸಂತೋಷಪಟ್ಟಳು. ನಿಮ್ಮ ಕೆಲಸ ಉಳಿದಿದೆಯಲ್ಲ ಎಂದೇ ಮೊದಲು ಕೇಳಿದಳು. ಚಹಾ ಆಯಿತು, ಎಮ್ಮೆ ಎಕರೆಗಳ ಪ್ರಶ್ನೆ ಮುಗಿದವು, ನೀರಿನ ಪ್ರಶ್ನೆ ಬಂತು. ನಾನು ಓದಿದೆ.

“ಇಲ್ರಿ,” ಅಂದಳು.

ನಾನು ಟ್ಯಾಬಿನ ಮೇಲೆ ಒತ್ತದೆ ಬೆರಳು ತಡೆದು ಹಿಡಿದೆ. ಹೊಸ ಸಂಖ್ಯೆಯ ವಿಷಯ ವಿವರಿಸಿದೆ. ಚೀಟಿ ಎತ್ತುವುದು, ಅಕ್ಷರ ಸೇರಿಸುವುದು, ಗೋಡೆಗೆ ಅಂಟಿಸದಿರುವುದು, ಎಲ್ಲ ಹೇಳಿದೆ. ಈ ಸಲ ಅಂಜಬೇಕಾಗಿಲ್ಲ ಅಂದೆ. ನನ್ನ ಮಾತು ನಂಬಿ ಎನ್ನಲು ಬಾಯಿ ಬರಲಿಲ್ಲ.

“ನನಗೇನು ಅಂಜಿಕಿರಿ,” ಎಂದು ಅವಳು ಸೀರೆಯ ನೆರಿಗೆ ಹಿಂಡುತ್ತ ಹೇಳಿದಳು. “ಹೋದ ಸಲ ನಾ ಹೌದು ಅಂದದ್ದಕ್ಕ ನೀವು ಇಲ್ಲೇ ಕುಂತು ಭಾಳ ಅತ್ತ್ರಿ. ಮತ್ತ ನಿಮಗ ತ್ರಾಸ ಬ್ಯಾಡ. ಇಲ್ಲಂತ ಬರಕೋರಿ.”

ಅವಳ ಕಾಲಿನಿಂದ ಇಳಿದ ನೀರು ಚಾಪೆಯ ಅಂಚಿಗೆ ಬಂದಿತ್ತು. ಅದನ್ನು ನೋಡುತ್ತಲೇ ನಾನು ‘ಇಲ್ಲ’ ಒತ್ತಿದೆ.